ನಮ್ಮ ಮನಿಯ ಮನಿ

2023ರ ನವೆಂಬರ್ ಕೊನೆಯಲ್ಲಿ ನಮ್ಮ ಸಂಘದ ರಾಜ್ಯೋತ್ಸವಕ್ಕೆ ಹೋದಾಗ, ಬಹಳ ದಿನಗಳ ಮೇಲೆ ನನ್ನನ್ನು ಕಂಡ ಗೆಳತಿಯರು ಸುತ್ತುವರಿದು ವಿಚಾರಿಸಿದರು. "ಎಲ್ಲಿ ಮಾಯವಾಗಿದ್ದಿರಿ? ದಸರೆಯ ಹಾಡಿಗೂ ಇಲ್ಲ, ಪುರಂದರದಾಸರ ಪುಣ್ಯತಿಥಿಗೂ ಇಲ್ಲ!" ಮನೆಯಲ್ಲಿ ಕಾಯಿಲೆಯವರಿದ್ದರು, ಬಿಟ್ಟು ಬರುವಂತಿರಲಿಲ್ಲ ಎಂದೆ. ಎಲ್ಲರ ಮುಖವೂ ಗಂಭೀರವಾಯಿತು. "ಯಾರಿಗೆ? ರಾಯರಿಗೇ?" ಎಂದು ಒಬ್ಬರು ದನಿ ತಗ್ಗಿಸಿ ಕೇಳಿದರು. "ಅಲ್ಲ, ನಮ್ಮ ಬೆಕ್ಕಿಗೆ. ಕ್ಯಾನ್ಸರಾಗಿತ್ತು" ಎಂದೆ. ಒಬ್ಬರು ಕಿಸಕ್ಕನೆ ನಕ್ಕರು. ಇನ್ನೊಬ್ಬರು ಸುಮ್ಮನೆ ನನ್ನ ಕೈ ಹಿಡಿದುಕೊಂಡರು. ಅಲ್ಲೇ ನಿಂತಿದ್ದ ಸಂಪಾದಕರು ಮಾತ್ರ, "ಇದನ್ನೇ ಬರೆದು ಕೊಡಿ" ಎಂದು ಬೆನ್ನು ಹತ್ತಿದರು.

ಬರೆಯಲು ಕೂತರೆ, ಬೆಕ್ಕಿನ ಜೊತೆಗೆ ತೀರಿಹೋದ ನಮ್ಮಣ್ಣನೂ ಬಂದು ನಿಂತಿದ್ದಾನೆ. ಅವನನ್ನು ಬಿಟ್ಟು ಬೆಕ್ಕಿನ ಕಥೆ ಹೇಳುವುದು ನನ್ನಿಂದಾಗದು.

ಬೆಕ್ಕಿನ ಹೆಸರು ಮನಿ. ಮರಾಠಿಯವರ ಮನೆಗಳಲ್ಲಿ ಬೆಕ್ಕಿಗೆ ಮನಿ ಎನ್ನುವುದು ವಾಡಿಕೆ. 2011ರ ಮಳೆಗಾಲದಲ್ಲಿ ಪಕ್ಕದ ಬ್ಲಾಕಿನವರು ಅಂಗೈಯಷ್ಟು ದೊಡ್ಡ ಮರಿಯನ್ನು, ಹೆಸರನ್ನೂ ಕೂಡಿಸಿಯೇ, ನಮಗೆ ಒಪ್ಪಿಸಿದರು. ನಾವು ಧಾರವಾಡದ ಕಡೆಯವರು. ನಮ್ಮ ಬಾಯಲ್ಲಿ 'ಮನಿ' ಎಂದರೆ ಮನೆ. "ಮನ್ಯಾಗ ಮನಿ ಎಲ್ಲಿ?" ಎಂದು ನಮ್ಮ ಮನೆಯವರು ಹೊರಗಿನಿಂದ ಬಂದೊಡನೆ ಕೇಳುವುದು, ನಾನು ನಗುವುದು, ಹನ್ನೊಂದು ವರ್ಷ ನಡೆದ ವಿನೋದ. ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಇನ್ನೊಂದು ಅರ್ಥವಿದೆ ಎಂಬುದು ನಮಗೆ ಚೆನ್ನಾಗಿ ತಿಳಿದದ್ದು 2022ರಲ್ಲಿ, ಔಷಧದ ಬಿಲ್ಲುಗಳು ಬರತೊಡಗಿದ ಮೇಲೆ.

ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಅವಳು ತೆಳ್ಳಗಾಗತೊಡಗಿದ್ದಳು. ತಿನ್ನುವುದೇನೋ ತಿನ್ನುತ್ತಿದ್ದಳು, ವಾರಕ್ಕೆರಡು ಸಲ ವಾಂತಿ. ಬೆಕ್ಕು ಮೈ ನೆಕ್ಕಿಕೊಂಡು ಹೊಟ್ಟೆಯಲ್ಲಿ ಕೂದಲುಂಡೆ ಕಟ್ಟಿ ಕಕ್ಕುವುದು ಹೊಸದಲ್ಲವಾದ್ದರಿಂದ ನಾವು ಲಕ್ಷ್ಯ ಕೊಡಲಿಲ್ಲ. ಒಂದು ದಿನ ಎತ್ತಿಕೊಂಡಾಗ ಬೆನ್ನೆಲುಬು ಕೈಗೆ ಹತ್ತಿತು. ಚೀಲದಲ್ಲಿ ಕೂರಿಸಿ ತೂಗಿದರೆ ನಾಲ್ಕು ಕಿಲೋ ಇದ್ದವಳು ಮೂರಕ್ಕೆ ಇಳಿದಿದ್ದಾಳೆ! ಮನುಷ್ಯರ ಲೆಕ್ಕದಲ್ಲಿ ಅರವತ್ತು ಕಿಲೋದವರು ನಲವತ್ತೈದಕ್ಕೆ ಇಳಿದಂತೆ, ಎಂದು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದ ನಮ್ಮ ಮನೆಯವರು ಕೂಡಲೇ ಲೆಕ್ಕ ಹಾಕಿ ಹೇಳಿದರು. ಆಮೇಲೆ ಅವರೂ ಸುಮ್ಮನಾದರು.

ಡೊಂಬಿವಲಿಯ ಡಾಕ್ಟರು ನೋಡಿ, ಹೊಟ್ಟೆಯ ಸೋನೋಗ್ರಫಿ ಆಗಬೇಕು, ಪರೇಲಿಗೆ ಹೋಗಿ ಎಂದರು. ಪರೇಲಿನಲ್ಲಿ 1886ರಷ್ಟು ಹಿಂದೆಯೇ ಪಶುವೈದ್ಯ ಕಾಲೇಜು ಸ್ಥಾಪನೆಯಾದದ್ದು ಮುಂಬಯಿಯ ಹಳಬರಿಗೆ ಗೊತ್ತಿದ್ದೀತು. ದನ, ಕುದುರೆ, ನಾಯಿ, ಬೆಕ್ಕುಗಳೆಲ್ಲ ಸೇರುವ ದೊಡ್ಡ ಆಸ್ಪತ್ರೆಯೂ ಅದೇ ಆವರಣದಲ್ಲಿದೆ. ಬುಟ್ಟಿಯಲ್ಲಿ ಮನಿಯನ್ನಿಟ್ಟು, ಮೇಲೊಂದು ಹಳೆಯ ಪಂಚೆ ಹೊದಿಸಿ, ಜನಸಂದಣಿ ಇಳಿದ ಮೇಲೆ ಸ್ಲೋ ಗಾಡಿ ಹತ್ತಿದೆವು. ಪರೇಲ್ ಸ್ಟೇಶನ್ನಿನಲ್ಲಿ ಇಳಿದು ಸೇತುವೆಯ ಮೆಟ್ಟಿಲು ಹತ್ತುವಾಗ ನನ್ನ ಕಾಲು ತಾನಾಗಿಯೇ ನಿಂತಿತು. 1987ರ ಜುಲೈ ನಂತರ ನಾನು ಆ ಸ್ಟೇಶನ್ನಿನಲ್ಲಿ ಇಳಿದಿರಲಿಲ್ಲ.

ಅದೇ ಪರೇಲಿನಲ್ಲಿ, 1941ರಲ್ಲಿ ಪ್ರಾರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಯಿದೆ. ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಅದರ ಬಗ್ಗೆ ನಾನು ಹೇಳಬೇಕಾಗಿಲ್ಲ. ಊರಿನಿಂದ "ಒಂದು ಸ್ವಲ್ಪ ತೋರಿಸಬೇಕಾಗಿದೆ" ಎಂಬ ಪತ್ರ ಬಂದರೆ, ಎರಡು ಖೋಲಿಯ ಮನೆಯಲ್ಲಿ ಒಂದು ಹಾಸಿಗೆ ಹೆಚ್ಚು ಬೀಳುತ್ತಿತ್ತು. ನಮ್ಮಲ್ಲಿ ಯಾರ ಮನೆಯಲ್ಲಿ ಬಿದ್ದಿಲ್ಲ, ಹೇಳಿ! ನಮ್ಮ ಮನೆಯಲ್ಲಿ ಹಾಗೆ ಬಂದವನು ಅಣ್ಣ. 1986ರ ದೀಪಾವಳಿ ಮುಗಿಸಿ ಬಂದ. ಅನ್ನನಾಳದ ಕ್ಯಾನ್ಸರು. ಅವನಿಗೆ ನಾವು ಹೇಳಿದ್ದು, "ಗಂಟಲದಾಗ ಹುಣ್ಣಾಗೇದ, ಕರೆಂಟ ಕೊಟ್ಟರ ಆರತದ" ಎಂದು. ಅಣ್ಣ ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸುತ್ತಿದ್ದ ಮಾಸ್ತರ. ಆಸ್ಪತ್ರೆಯ ಹೆಸರು ಓದಲು ಬಾರದವನಲ್ಲ. ಆದರೂ ಎಂಟು ತಿಂಗಳು ನಾವು ಹುಣ್ಣು ಎಂದೆವು, ಅವನೂ ಹುಣ್ಣು ಎಂದ.

ಇರಲಿ, ಬೆಕ್ಕಿಗೆ ಬರುತ್ತೇನೆ. ಸೋನೋಗ್ರಫಿಯಲ್ಲಿ ಕರುಳಿನ ಗೋಡೆ ದಪ್ಪವಾಗಿರುವುದು ಕಂಡಿತು. ಮುಂದಿನ ವಾರ ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂತು: ಲಿಂಫೋಮಾ, ನಿಧಾನವಾಗಿ ಬೆಳೆಯುವ ಬಗೆ. ನಮಗೆ ಅದನ್ನು ತಿಳಿಸಿದವಳು ನಮ್ಮ ಮಗಳಷ್ಟು ವಯಸ್ಸಿನ ಡಾಕ್ಟರು. ಅವಳು ಆಚೀಚೆ ಸುತ್ತಲಿಲ್ಲ.

"ಕಾಕೂ, ಇದು ಮಾತ್ರೆಯಿಂದ ಹತೋಟಿಗೆ ಬರುವ ಸಂಭವ ಹೆಚ್ಚು. ಒಂದೂವರೆ, ಎರಡು ವರ್ಷ ಚೆನ್ನಾಗಿ ಬಾಳಿದ ಬೆಕ್ಕುಗಳಿವೆ. ಆದರೆ ಪೂರ್ತಿ ಗುಣವಾಗುತ್ತದೆಂದು ನಾನು ಹೇಳುವುದಿಲ್ಲ. ಮನುಷ್ಯರಿಗೆ ಕೊಡುವಷ್ಟು ಬಿರುಸಾಗಿ ನಾವು ಪ್ರಾಣಿಗಳಿಗೆ ಔಷಧ ಕೊಡುವುದೂ ಇಲ್ಲ. ನಾಳೆ ಗುಣವಾಗಲಿ, ಇವತ್ತು ಸಹಿಸಿಕೋ ಎಂದು ಬೆಕ್ಕಿಗೆ ತಿಳಿಸಿ ಹೇಳುವುದು ಹೇಗೆ? ಅದಕ್ಕೆ ಇವತ್ತಿನ ದಿನ ಚೆನ್ನಾಗಿರಬೇಕು, ಅಷ್ಟೆ."

ಹೀಗೆ ಹೇಳಿ, "ಮನೆಯಲ್ಲಿ ಕಾಲನಿರ್ಣಯ ಇದೆಯಲ್ಲ?" ಎಂದು ಕೇಳಿದಳು. ಮುಂಬಯಿಯಲ್ಲಿ ಅದಿಲ್ಲದ ಮನೆಯುಂಟೇ! "ಮನಿಗೆ ಬಹಳ ಇಷ್ಟವಾದ ಮೂರು ಕೆಲಸ ಯಾವುದೆಂದು ಬರೆದಿಡಿ. ರಾತ್ರಿ ಮಲಗುವ ಮುಂಚೆ ನೋಡಿ; ಮೂರರಲ್ಲಿ ಎರಡು ಮಾಡಿದ್ದರೆ ಆ ತಾರೀಖಿಗೆ ಸರಿ ಗುರುತು, ಇಲ್ಲದಿದ್ದರೆ ತಪ್ಪು ಗುರುತು. ತಪ್ಪು ಗುರುತು ಹೆಚ್ಚಾಗತೊಡಗಿದ ದಿನ ನನಗೆ ಫೋನ್ ಮಾಡಿ. ಆಗ ಬೇರೆ ಮಾತಾಡೋಣ."

ಗಾಡಿಯಲ್ಲಿ ಮರಳುವಾಗ ನಾವಿಬ್ಬರೂ ಆ ಮೂರು ಕೆಲಸಗಳನ್ನು ನಿಶ್ಚಯಿಸಿದೆವು. ಒಂದು, ಅಡಿಗೆಮನೆಯ ಕಿಟಕಿಯಲ್ಲಿ ಕೂತು ಪಾರಿವಾಳಗಳನ್ನು ಕಂಡು ಹಲ್ಲು ಕಟಕಟಿಸುವುದು. ಎರಡು, ನಮ್ಮ ಮನೆಯವರು ಓದುತ್ತಿರುವ ಪೇಪರಿನ ಮೇಲೆಯೇ ಬಂದು ಮಲಗುವುದು. ಮೂರು, ಸಂಜೆ ನಾನು ದೇವರಿಗೆ ದೀಪ ಹಚ್ಚಿದಾಗ ಮಣೆಯ ಪಕ್ಕದಲ್ಲಿ ಬಾಲ ಸುತ್ತಿಕೊಂಡು ಕೂರುವುದು. 2022ರ ಮಾರ್ಚ್ 14ರಂದು ಮಾತ್ರೆ ಆರಂಭವಾಯಿತು. ಅಂದಿನಿಂದ, ಹಾಲಿನ ಲೆಕ್ಕ ಮತ್ತು ಗ್ಯಾಸ್ ಬಂದ ತಾರೀಖುಗಳ ನಡುವೆ ಮನಿಯ ಗುರುತುಗಳೂ ಕಾಣಿಸಿಕೊಂಡವು.

ಮಾತ್ರೆ ಎರಡು ತರಹ. ಪ್ರೆಡ್ನಿಸೊಲೋನ್ ಎಂಬುದು ದಿನಾಲೂ. ಕ್ಲೋರಾಂಬ್ಯುಸಿಲ್ ಎಂಬುದು ದಿನ ಬಿಟ್ಟು ದಿನ. ಎರಡನೆಯದು ಮನುಷ್ಯರಿಗೆ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಕೊಡುವ ಔಷಧ, ಫ್ರಿಜ್ಜಿನಲ್ಲಿಡಬೇಕು. ಹೀಗಾಗಿ ಅದನ್ನು ಮನುಷ್ಯರ ಔಷಧದ ಅಂಗಡಿಯಲ್ಲೇ ಕೊಳ್ಳಬೇಕು. ಮೊದಲ ಸಲ ಹೋದಾಗ ಅಂಗಡಿಯವರು ಚೀಟಿ ನೋಡಿ ಬಿಲ್ಲಿಗಾಗಿ ಕೇಳಿದರು: "ಪೇಶಂಟಿನ ಹೆಸರು?" "ಮನಿ" ಎಂದೆ. "ವಯಸ್ಸು?" "ಹನ್ನೊಂದು." ಆ ಮನುಷ್ಯ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. "ಇಷ್ಟು ಸಣ್ಣ ಹುಡುಗಿಗೆ! ದೇವರಿದ್ದಾನೆ ಅಮ್ಮಾ, ಧೈರ್ಯ ಬಿಡಬೇಡಿ" ಎಂದರು. ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಎನಿಸಿತು. ಬೆಕ್ಕು ಎಂದು ಹೇಳಿಯೇಬಿಟ್ಟೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಒಂದು ಕ್ಷಣ ಸುಮ್ಮನಿದ್ದು, "ಹೌದೇ, ಮನಿ ಅಂದರೆ ಮಾಂಜರವೇ" ಎಂದು ಬರೆದುಕೊಂಡರು. ಮುಂದೆ ಪ್ರತಿಸಲ ಹೋದಾಗಲೂ "ಹುಡುಗಿ ಹೇಗಿದ್ದಾಳೆ?" ಎಂದೇ ಕೇಳುತ್ತಿದ್ದರು.

ಬೆಕ್ಕಿಗೆ ಮಾತ್ರೆ ನುಂಗಿಸುವ ವಿದ್ಯೆಯನ್ನು ಯಾವ ಶಾಸ್ತ್ರದಲ್ಲೂ ಬರೆದಿಲ್ಲ! ಬೆಣ್ಣೆಯಲ್ಲಿಟ್ಟು ಕೊಟ್ಟರೆ ಬೆಣ್ಣೆಯನ್ನಷ್ಟೇ ನೆಕ್ಕಿ ಮಾತ್ರೆಯನ್ನು ನಮ್ಮ ಎದುರೇ ಉಗುಳುತ್ತಿದ್ದಳು. ಕೊನೆಗೆ ಡಾಕ್ಟರು ತೋರಿಸಿಕೊಟ್ಟರು. ನಮ್ಮ ಮನೆಯವರು ಅವಳನ್ನು ಟವೆಲ್ಲಿನಲ್ಲಿ ಕಡಬಿನಂತೆ ಸುತ್ತಿ ತೊಡೆಯ ಮೇಲಿಟ್ಟುಕೊಳ್ಳುವರು. ನಾನು ಕೈಗವಸು ಹಾಕಿಕೊಂಡು ಬಾಯಿ ತೆರೆದು ನಾಲಿಗೆಯ ಬುಡದಲ್ಲಿ ಮಾತ್ರೆ ಇಟ್ಟು ಬಾಯಿ ಮುಚ್ಚುವೆ. ಆಮೇಲೆ ಸೂಜಿಯಿಲ್ಲದ ಸಿರಿಂಜಿನಿಂದ ನಾಲ್ಕು ಹನಿ ನೀರು, ಇಲ್ಲದಿದ್ದರೆ ಮಾತ್ರೆ ಅನ್ನನಾಳದಲ್ಲೇ ಅಂಟಿ ಹುಣ್ಣು ಮಾಡೀತು. ಆ ಮಾತು ಕೇಳಿದಂದು ನಾನು ರಾತ್ರಿ ಊಟ ಮಾಡಲಿಲ್ಲ. ಕೈಗವಸು ಏಕೆಂದರೆ, ಆ ಮಾತ್ರೆ ಔಷಧವಾದರೂ ಆರೋಗ್ಯವಂತರಿಗೆ ವಿಷ. ಒಡೆಯಬಾರದು, ಪುಡಿ ಮಾಡಬಾರದು, ಅವಳ ಮಲಮೂತ್ರದ ತಟ್ಟೆಯನ್ನೂ ಬರಿಗೈಯಲ್ಲಿ ಮುಟ್ಟಬಾರದು. ಪುಣೆಯಿಂದ ಬಸುರಿ ಸೊಸೆ ಬಂದಾಗ ಆ ಕಡೆಗೆ ಸುಳಿಯಲೇ ಬಿಡಲಿಲ್ಲ.

ಕೀಮೋ ಎಂದರೆ ಕೂದಲೆಲ್ಲ ಉದುರಿ ಬೋಳಾಗುವುದೆಂದು ನಾವು ಹೆದರಿದ್ದೆವು. ಹಾಗಾಗಲಿಲ್ಲ. ಬೆಕ್ಕಿಗೆ ಮೈಕೂದಲು ಉಳಿಯುತ್ತದೆ, ಮೀಸೆ ಮಾತ್ರ ಉದುರಬಹುದು. ಒಂದೊಂದಾಗಿ ಬಿದ್ದ ಬಿಳಿ ಮೀಸೆಗಳು ದಿಂಬಿನ ಮೇಲೆ ಸಿಗುತ್ತಿದ್ದವು. ಕೆಲವು ವಾರಗಳಿಗೊಮ್ಮೆ ರಕ್ತ ತೆಗೆದು ಬಿಳಿ ಕಣಗಳನ್ನು ಎಣಿಸುವರು. ಕಡಿಮೆಯಾಗಿದ್ದರೆ ಮಾತ್ರೆಗೆ ಒಂದು ವಾರ ರಜೆ. ಕರುಳು ಕೆಟ್ಟದ್ದರಿಂದ ಬಿ-12 ಮೈಗೆ ಹತ್ತುವುದಿಲ್ಲವೆಂದು ಚರ್ಮದಡಿ ಇಂಜೆಕ್ಷನ್ ಕೊಡುವುದನ್ನು ನಮ್ಮ ಮನೆಯವರು ಕಲಿತರು. ಸ್ವತಃ ಇಂಜೆಕ್ಷನ್ ಎಂದರೆ ಕಣ್ಣು ಮುಚ್ಚಿಕೊಳ್ಳುವ ಆಸಾಮಿ!

ಇನ್ನು ಊಟದ ಕಥೆ. ಕಾಯಿಲೆಯ ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಯಕೃತ್ತಿಗೆ ಕೊಬ್ಬು ತುಂಬಿ ಅದರಿಂದಲೇ ಸಾಯಬಹುದಂತೆ. ಜೂನ್ ತಿಂಗಳ ಮೊದಲ ಮಳೆಗೆ ಅವಳು ಊಟ ಬಿಟ್ಟಳು. ಡಬ್ಬಿಯ ಆಹಾರ ಮೂಸಿಯೂ ನೋಡಲಿಲ್ಲ. ಹಸಿವಾಗಲೆಂದು ಡಾಕ್ಟರು ಒಂದು ಮಾತ್ರೆಯ ಚೂರು ಕೊಟ್ಟರು. ಮನುಷ್ಯರಿಗೆ ಮನಸ್ಸು ಖಿನ್ನವಾದಾಗ ಕೊಡುವ ಔಷಧವಂತೆ, ಬೆಕ್ಕಿಗೆ ಹಸಿವೆ ಹುಟ್ಟಿಸುತ್ತದೆ. ಜೊತೆಗೆ, "ಮೀನು ಬೇಯಿಸಿ ಬಿಸಿಬಿಸಿ ಕೊಡಿ, ವಾಸನೆಗೆ ಏಳುತ್ತಾಳೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಮಾತ್ರ ಸೋಕಿಸಬೇಡಿ" ಎಂದರು. ನಮ್ಮ ಮನೆಯಲ್ಲಿ ಮೀನು! ಅರ್ಧ ದಿನ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಸಂಜೆ ಅವರೇ ಚೀಲ ಹಿಡಿದು ಹೊರಟರು. ಎಪ್ಪತ್ತೆರಡು ವರ್ಷ ಮೀನಿನ ಬಾಜಾರಿನ ಎದುರಿನಿಂದ ಮೂಗು ಮುಚ್ಚಿಕೊಂಡು ಹೋದವರು, ಮೀನು ಮಾರುವ ಬಾಯಿಯ ಮುಂದೆ ಕೂತು, "ಬೆಕ್ಕಿಗೆ ಯಾವುದು ಒಳ್ಳೆಯದು?" ಎಂದು ಕೇಳಿ ಮಾಂದೇಲಿ ತಂದರು. ಗ್ಯಾಲರಿಯಲ್ಲಿ ಬೇರೆ ಸ್ಟೋವು, ಬೇರೆ ಪಾತ್ರೆ. ಬೇಯುತ್ತಿದ್ದಂತೆ ಮನಿ ಎದ್ದು ಬಂದಳು. ಅಂದು ರಾತ್ರಿ ಅವರು ಕ್ಯಾಲೆಂಡರಿನಲ್ಲಿ ಸರಿ ಗುರುತನ್ನು ಎಷ್ಟು ದೊಡ್ಡದಾಗಿ ಬರೆದರೆಂದರೆ ಅದು ಮರುದಿನದ ಏಕಾದಶಿಗೂ ತಾಗಿತ್ತು.

ಒಂದು ಮಾತು ಬೆಕ್ಕು ಸಾಕಿದವರಿಗೆಲ್ಲ ಹೇಳಿಬಿಡುತ್ತೇನೆ. ಕೆಳಗಿನ ಮನೆಯವರೊಬ್ಬರು ಪ್ರೀತಿಯಿಂದಲೇ, "ಮೈ ಬಿಸಿಯಿದ್ದರೆ ನಮ್ಮ ಜ್ವರದ ಮಾತ್ರೆ ಅರ್ಧ ಕೊಡಿ" ಎಂದಿದ್ದರು. ಪ್ಯಾರಾಸಿಟಮಾಲ್ ಬೆಕ್ಕಿನ ಜೀವ ತೆಗೆಯುವ ವಿಷ. ಡಾಕ್ಟರನ್ನು ಕೇಳದೆ ಏನನ್ನೂ ಕೊಡಬಾರದು.

ಹೀಗೆ ಸುದ್ದಿ ಧಾರವಾಡಕ್ಕೂ ಮುಟ್ಟಿತು. ನಾದಿನಿಯ ಫೋನ್ ಬಂತು. "ವೈನೀ, ಸಿಟ್ಟಾಗಬ್ಯಾಡ್ರಿ. ಟಾಟಾ ದವಾಖಾನಿ ಮುಂದ ಫುಟ್‌ಪಾತಿನ ಮ್ಯಾಲ ಮಂದಿ ಮಕ್ಕೊಂಡಿರತಾರ. ನೀವು ಬೆಕ್ಕಿಗೆ ರೊಕ್ಕಾ ಸುರೀಲಿಕ್ಕತ್ತೀರಿ. ಯಾರರೆ ಕೇಳಿದರ ಏನಂದಾರು?" ನನಗೆ ಸಿಟ್ಟು ಬರಲಿಲ್ಲ. ಪ್ರತಿ ತಿಂಗಳೂ ಪಿಂಚಣಿಯ ಐದರಲ್ಲಿ ಒಂದು ಪಾಲು ಹೋಗುತ್ತಿತ್ತು. ಆ ಫುಟ್‌ಪಾತಿನ ಜನರನ್ನು ನಾನೂ ಕಂಡವಳೇ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಕಣ್ಣೆದುರಿಗೆ ನರಳುವ ಜೀವವನ್ನು ಇದ್ದಕ್ಕಿದ್ದಂತೆ ಲೆಕ್ಕ ನೋಡಿ ಬಿಡುವುದಾಗಲಿಲ್ಲ, ಅಷ್ಟೆ.

ಆದರೆ ಆ ಫೋನಿನ ಮೇಲೆ ಅಣ್ಣ ಮತ್ತೆ ಮತ್ತೆ ನೆನಪಾದ. 1987ರ ಯುಗಾದಿಗೆ ಹದಿನೈದು ದಿನವಿರಬಹುದು. ಕರೆಂಟಿನ ಚಿಕಿತ್ಸೆ ಮುಗಿದು ಗಂಟಲು ಸ್ವಲ್ಪ ತೆರವಾಗಿತ್ತು. ಗಂಜಿ, ಮೆತ್ತನ್ನ ಇಳಿಯುತ್ತಿತ್ತು. ಮುಂದಿನ ಔಷಧ ಆರಂಭವಾಗುವುದಿತ್ತು. ಪರೇಲಿನಿಂದ ಮರಳುವಾಗ ಗಾಡಿಯ ಕಿಟಕಿಯಲ್ಲಿ ಕೂತ ಅವನು ಕೇಳಿದ: "ತಂಗೀ, ಧಾರವಾಡಕ್ಕ ಹೋಗಿ ನಾಕ ದಿನ ಇದ್ದು ಬರೋಣೇನ? ಮನಿ ಮುಂದಿನ ಮಾವು ಹೂ ಬಿಟ್ಟಿರಬೇಕು." ನಾನು ಎಂದೆ, "ಈಗ್ಯಾಕಣ್ಣಾ, ಔಷಧ ಪೂರಾ ಆಗಲಿ. ಆರಾಮಾದ ಮ್ಯಾಲ ಹೋಗಿ ಅಲ್ಲೇ ಇರೂಣಂತ." ಅವನು ಮತ್ತೆ ಕೇಳಲಿಲ್ಲ, ಮುಖ ಹೊರಗೆ ತಿರುಗಿಸಿದ. ಆರಾಮಾಗುವುದಿಲ್ಲವೆಂದು ಡಾಕ್ಟರು ಆ ವೇಳೆಗಾಗಲೇ ನಮ್ಮ ಮನೆಯವರಿಗೆ ಹೇಳಿದ್ದರು. ನನಗೂ ಗೊತ್ತಿತ್ತು. ಅವನಿಗೂ ಗೊತ್ತಿತ್ತೆಂದು ಈಗ ಅನಿಸುತ್ತದೆ. ಜುಲೈ ತಿಂಗಳಲ್ಲಿ, ಧೋ ಎನ್ನುವ ಮಳೆಯಲ್ಲಿ, ಡೊಂಬಿವಲಿಯ ಹೊರಗಿನ ಖೋಲಿಯಲ್ಲೇ ಅವನು ಹೋದ. ಆಗ ಅವನಿಗೆ ಐವತ್ತೊಂದು.

2023ರ ಗಣೇಶ ಚತುರ್ಥಿಯ ನಂತರ ಮನಿಗೆ ಮಾತ್ರೆ ನಾಟುವುದು ನಿಂತಿತು. ಮೊದಲು ಪೇಪರಿನ ಮೇಲೆ ಬರುವುದು ತಪ್ಪಿತು, ಆಮೇಲೆ ಕಿಟಕಿಗೆ ಹಾರಲಾಗಲಿಲ್ಲ, ಸ್ಟೂಲು ಇಟ್ಟೆವು, ಸ್ಟೂಲೂ ಎತ್ತರವಾಯಿತು. ದೀಪದ ಹತ್ತಿರ ಬರುವುದನ್ನು ಮಾತ್ರ ಬಿಟ್ಟಿರಲಿಲ್ಲ. ಅಕ್ಟೋಬರ್ ಪುಟದಲ್ಲಿ ತಪ್ಪು ಗುರುತುಗಳು ಹೆಚ್ಚಾದವು. ನವೆಂಬರ್ ಮೊದಲ ವಾರ ಅವಳು ಹೊಲಿಗೆ ಮಷೀನಿನ ಕೆಳಗೆ ಸೇರಿಕೊಂಡಳು. ದೀಪ ಹಚ್ಚಿ ಕರೆದರೂ ಬರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ನೋವಿಲ್ಲದಂತೆ ಮಲಗಿಸಿಬಿಡುವ ಇಂಜೆಕ್ಷನ್ನಿನ ಮಾತಾಡಿದಳು.

ನಮ್ಮ ಮನೆಯವರು ಒಪ್ಪಲಿಲ್ಲ. "ನಮ್ಮ ಕೈಯಾರೆ ಕೊಲ್ಲೂದು ಅಂದರ ಪಾಪ. ಅದರ ವ್ಯಾಳ್ಯಾ ಬಂದಾಗ ಅದು ಹೋಗತದ" ಎಂದರು. ಮೂರು ದಿನ ನಾವು ಬೇರೆ ಮಾತು ಆಡಲಿಲ್ಲ. ನಾಲ್ಕನೆಯ ದಿನ ರಾತ್ರಿ ಅವರು ಗುರುತು ಹಾಕಲು ಕ್ಯಾಲೆಂಡರಿನ ಮುಂದೆ ನಿಂತವರು ಬಹಳ ಹೊತ್ತು ಅಲ್ಲಿಯೇ ನಿಂತರು. ನಾನು ಕೇಳಿದೆ, "ಏನ್ರೀ, ನಾಳೆ ಹಾಕಬೇಕಾದ ಗುರುತು ಯಾವುದಂತ ನಿಮಗ ಗೊತ್ತಿಲ್ಲೇನು?" ಅವರು ಪೆನ್ನನ್ನು ಮೊಳೆಗೆ ಸಿಕ್ಕಿಸಿ, "ಫೋನ ಮಾಡು" ಎಂದರು.

ನವೆಂಬರ್ 8, ಬುಧವಾರ. ದೀಪಾವಳಿಗೆ ನಾಲ್ಕು ದಿನವಿತ್ತು. ಸೊಸೈಟಿಯ ಹುಡುಗರು ಆಗಲೇ ಪಟಾಕಿ ಸುಡುತ್ತಿದ್ದರು. ಡಾಕ್ಟರು ಮನೆಗೇ ಬಂದಳು. ಮನಿಯನ್ನು ಆ ದಿನದ ಪೇಪರು ಹಾಸಿ, ಅದರ ಮೇಲೆ, ನಮ್ಮ ಮನೆಯವರ ತೊಡೆಯ ಮೇಲೆ ಮಲಗಿಸಿದೆವು. ನಾನು ಮಧ್ಯಾಹ್ನವೇ ದೀಪ ಹಚ್ಚಿದೆ. ಹೆಚ್ಚು ಹೊತ್ತು ಹಿಡಿಯಲಿಲ್ಲ. ಪಾಪವೋ ಪುಣ್ಯವೋ ನಾನು ಹೇಳಲಾರೆ. ಅವಳು ಹೆದರಲಿಲ್ಲ ಎಂಬುದನ್ನಷ್ಟೇ ಬಲ್ಲೆ.

ಹೊಸ ವರ್ಷಕ್ಕೆ ಹಳೆಯ ಕಾಲನಿರ್ಣಯವನ್ನು ಇಳಿಸಿದಾಗ ನಮ್ಮ ಮನೆಯವರು ಎರಡೂ ವರ್ಷದ್ದನ್ನು ಮುಂದಿಟ್ಟುಕೊಂಡು ಕೂತರು. ಲೆಕ್ಕದ ಮನುಷ್ಯ, ಸುಮ್ಮನಿರಲಾರರು. ಕೊನೆಯ ದಿನವನ್ನು ಬಿಟ್ಟು ಒಟ್ಟು 604 ದಿನ. ಅದರಲ್ಲಿ ಒಳ್ಳೆಯವು 517, ಕೆಟ್ಟವು 87. "ಪರವಾಗಿಲ್ಲ ಅನ್ನಬೇಕು" ಎಂದು ಕನ್ನಡಕ ತೆಗೆದು ಒರೆಸಿಕೊಂಡರು.

ಅಣ್ಣನ ಎಂಟು ತಿಂಗಳಲ್ಲಿ ಒಳ್ಳೆಯ ದಿನಗಳು ಎಷ್ಟಿದ್ದವು? ಯಾರೂ ಎಣಿಸಲಿಲ್ಲ. ಹುಣ್ಣು ಆರುತ್ತದೆ ಎಂದು ದಿನಾಲೂ ಹೇಳಿದೆವು. ಇವತ್ತು ಹೇಗಿತ್ತು, ನಾಳೆ ನಿನಗೇನು ಬೇಕು ಎಂದು ಒಂದು ದಿನವೂ ಕೇಳಲಿಲ್ಲ. ಅವನಿಗೆ ಇಷ್ಟವಾದ ಮೂರು ಕೆಲಸ ಯಾವುವೆಂದು ನನ್ನನ್ನು ಕೇಳಿದ್ದರೆ ಕೂಡಲೇ ಹೇಳುತ್ತಿದ್ದೆ. ಅದರಲ್ಲಿ ಒಂದು ಆ ಮಾವಿನ ಮರದ ಕೆಳಗೆ ಆರಾಮಖುರ್ಚಿ ಹಾಕಿಕೊಂಡು ಕೂರುವುದು.

ಊರಿನಿಂದ ಈಗಲೂ ಜನ ಬರುತ್ತಾರೆ. ಈ ವರ್ಷ ನಮ್ಮ ದೂರದ ಸಂಬಂಧಿಕರೊಬ್ಬರು ಬಂದು ಮೂರು ವಾರ ಇದ್ದರು. ಮೊದಲ ದಿನ ಅವರ ಮಗ ನನ್ನನ್ನು ಅಡಿಗೆಮನೆಗೆ ಕರೆದು, "ಮಾವಶೀ, ಅಪ್ಪಗ ಏನೂ ಹೇಳಬ್ಯಾಡ್ರಿ" ಎಂದ. ನಾನು ಅವನನ್ನು ಕೂರಿಸಿ, ಒಂದು ಕಪ್ಪು ಚಹಾ ಕೊಟ್ಟು, ಮಾವಿನ ಮರದ ಕಥೆ ಹೇಳಿದೆ. ಬೆಕ್ಕಿನ ಕಥೆಯನ್ನೂ ಹೇಳಿದೆ. ಅವನು ನಗಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪ ಮಗ ಇಬ್ಬರೂ ಗ್ಯಾಲರಿಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಬಹಳ ಹೊತ್ತು ಮಾತಾಡುತ್ತ ಕೂತಿದ್ದರು. ಏನು ಮಾತಾಡಿದರೆಂದು ನಾನು ಕೇಳಲಿಲ್ಲ.